ಅರ್ಜಿ ಹಾಕಿದ್ದು ಅಧ್ಯಕ್ಷರಿಗೇ: ಅಮೆರಿಕ ಗಣರಾಜ್ಯದ ಮೊದಲ ನೌಕರಿ ಪತ್ರಗಳು

ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ನಮ್ಮ ಕಡೆಯವರಿಗೂ ಒಂದು ಗೊಂದಲ ಹುಟ್ಟುತ್ತದೆ. ಸರ್ಕಾರ ಬದಲಾದರೆ ಮಂತ್ರಿಗಳು ಬದಲಾಗುವುದು ಸರಿ, ಅಷ್ಟೊಂದು ಅಧಿಕಾರಿಗಳೂ ಯಾಕೆ ಗಂಟುಮೂಟೆ ಕಟ್ಟುತ್ತಾರೆ? ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಬದಲಾದರೆ ಅಧಿಕಾರಿಗಳಿಗೆ ವರ್ಗಾವಣೆ ಆದೀತು, ನೌಕರಿಯೇ ಹೋಗುವುದಿಲ್ಲ. ಅಲ್ಲಿ ಹೊಸ ಅಧ್ಯಕ್ಷರ ಕಡೆಯಿಂದ ತುಂಬಬೇಕಾದ ಹುದ್ದೆಗಳೇ ಸುಮಾರು 4,000. ಅವುಗಳಲ್ಲಿ 1,200ಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್ಟಿನ ಒಪ್ಪಿಗೆ ಬೇಕು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಇನ್ನೊಂದು ಆದೇಶಕ್ಕೂ ಸಹಿ ಹಾಕಿದರು. ಕಾಯಂ ನೌಕರರಲ್ಲಿ ನೀತಿ ನಿರ್ಧಾರಕ್ಕೆ ಹತ್ತಿರವಿರುವವರನ್ನು ಬೇರೆ ವರ್ಗಕ್ಕೆ ಸೇರಿಸಿ, ಅವರನ್ನು ತೆಗೆಯುವುದನ್ನು ಸುಲಭ ಮಾಡುವ ಆದೇಶ ಅದು.

ಅದರ ಪರವಾಗಿ ಮಾತಾಡುವವರೂ ವಿರೋಧಿಸುವವರೂ ಒಂದಲ್ಲ ಒಂದು ಹಂತದಲ್ಲಿ ಅಮೆರಿಕವನ್ನು ಕಟ್ಟಿದವರ ಕಾಲವನ್ನು ಎತ್ತುತ್ತಾರೆ. ಆ ಕಾಲದಲ್ಲಿ ಸರ್ಕಾರಿ ನೌಕರಿ ಸಿಗುತ್ತಿದ್ದದ್ದು ಹೇಗೆ? ಓದು ಬರಹ ಬಲ್ಲ ಗಂಡಸರು ನೇರವಾಗಿ ಅಧ್ಯಕ್ಷರಿಗೇ ಕಾಗದ ಬರೆದು ಕೇಳುತ್ತಿದ್ದರು. ಆ ಕಾಗದವೇ ಅರ್ಜಿ, ಅದೇ ಅಂಕಪಟ್ಟಿ, ಅದೇ ಸಂದರ್ಶನ. ಆ ಕಾಗದದಲ್ಲಿ ಏನಿರುತ್ತಿತ್ತು, ಅದನ್ನು ಓದಿದವರು ಏನು ಮಾಡುತ್ತಿದ್ದರು ಎಂದು ನೋಡಿದರೆ ಇಂದಿನ ಗದ್ದಲದ ಬೇರು ಕಾಣುತ್ತದೆ.

## ಹುದ್ದೆಗಳು ಹುಟ್ಟಿದ ವರ್ಷ

ಜಾರ್ಜ್ ವಾಷಿಂಗ್ಟನ್ ಪ್ರಮಾಣವಚನ ಸ್ವೀಕರಿಸಿದ್ದು 1789ರ ಏಪ್ರಿಲ್ 30ರಂದು, ನ್ಯೂಯಾರ್ಕಿನ ಫೆಡರಲ್ ಹಾಲ್‌ನ ಉಪ್ಪರಿಗೆಯಲ್ಲಿ. ರಾಜಧಾನಿ ಆಗ ನ್ಯೂಯಾರ್ಕ್. ವಾಷಿಂಗ್ಟನ್ ಎಂಬ ಊರು ಇನ್ನೂ ಹುಟ್ಟಿರಲಿಲ್ಲ. ಹೊಸ ಸಂವಿಧಾನ ಕಾಗದದ ಮೇಲೆ ಸಿದ್ಧವಿತ್ತು. ಅದರ ಪ್ರಕಾರ ನಡೆಯಬೇಕಾದ ಸರ್ಕಾರಕ್ಕೆ ಮಾತ್ರ ಹೊಸ ಖಾತೆಗಳಾಗಲಿ, ನ್ಯಾಯಾಲಯಗಳಾಗಲಿ, ತೆರಿಗೆ ಎತ್ತುವ ಸಿಬ್ಬಂದಿಯಾಗಲಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಂದಾದ ಮೇಲೊಂದು ಕಾಯ್ದೆ ಮಾಡಿತು. ಜುಲೈ 31ರ ಕಾಯ್ದೆ ಕರಾವಳಿಯನ್ನು 59 ಸುಂಕದ ವಲಯಗಳಾಗಿ ಹಂಚಿತು. ವಿದೇಶಾಂಗ, ಯುದ್ಧ, ಖಜಾನೆ ಎಂಬ ಮೂರು ಖಾತೆಗಳು ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದೊಳಗೆ ಹುಟ್ಟಿದವು. ಸೆಪ್ಟೆಂಬರ್ 24ರ ಕಾಯ್ದೆಯಿಂದ ಆರು ನ್ಯಾಯಾಧೀಶರ ಸುಪ್ರೀಂ ಕೋರ್ಟ್ ಮತ್ತು 13 ಜಿಲ್ಲಾ ಕೋರ್ಟುಗಳು ಬಂದವು. ಪ್ರತಿ ಜಿಲ್ಲೆಗೂ ಒಬ್ಬ ಸರ್ಕಾರಿ ವಕೀಲ, ಕೋರ್ಟಿನ ಆದೇಶ ಜಾರಿ ಮಾಡಲು ಒಬ್ಬ ಮಾರ್ಷಲ್.

ಸಂಬಳ ಎಷ್ಟು? ಮುಖ್ಯ ನ್ಯಾಯಮೂರ್ತಿಗೆ ವರ್ಷಕ್ಕೆ 4,000 ಡಾಲರ್, ಉಳಿದ ಐವರಿಗೆ ತಲಾ 3,500. ಖಜಾನೆ ಕಾರ್ಯದರ್ಶಿಗೂ 3,500. ಜಿಲ್ಲಾ ನ್ಯಾಯಾಧೀಶರ ಸಂಬಳ ರಾಜ್ಯ ನೋಡಿಕೊಂಡು 800ರಿಂದ 1,800.

ಆದರೆ ಅತಿ ಹೆಚ್ಚು ಕಾಗದಗಳು ಹರಿದು ಬಂದದ್ದು ಬಂದರುಗಳ ಸುಂಕದ ಹುದ್ದೆಗಳಿಗೆ. ಕಲೆಕ್ಟರ್ ಎಂದ ಕೂಡಲೇ ನಮಗೆ ಜಿಲ್ಲಾಧಿಕಾರಿ ನೆನಪಾಗುತ್ತಾರೆ. ಅಲ್ಲಿ ಕಲೆಕ್ಟರ್ ಎಂದರೆ ಬಂದರಿನ ಸುಂಕದ ಮುಖ್ಯಾಧಿಕಾರಿ. ಹಡಗು ಬಂದರೆ ಶುಲ್ಕ, ಹೊರಟರೆ ಶುಲ್ಕ, ವಸೂಲಾದ ಸುಂಕದಲ್ಲಿ ಇಂತಿಷ್ಟು ಪಾಲು. ಬಾಸ್ಟನ್, ಫಿಲಡೆಲ್ಫಿಯಾದಂಥ ದೊಡ್ಡ ಬಂದರಾದರೆ ಕೈತುಂಬ ಗಳಿಕೆ, ಸಣ್ಣ ಬಂದರಾದರೆ ಕುರ್ಚಿಯ ಗೌರವವಷ್ಟೇ. ಕೇಂದ್ರ ಸರ್ಕಾರದ ಆದಾಯದ ಬಹುಪಾಲು ಈ ಸುಂಕದಿಂದಲೇ ಬರುತ್ತಿದ್ದ ಕಾಲ ಅದು. ಹಾಗಾಗಿ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಅಧ್ಯಕ್ಷರಿಗೂ ಸಣ್ಣ ವಿಷಯವಾಗಿರಲಿಲ್ಲ.

## ನೇಮಕದ ಮೂರು ಮೆಟ್ಟಿಲು

ಸಂವಿಧಾನದ ಎರಡನೇ ವಿಧಿಯಲ್ಲಿ ನೇಮಕದ ದಾರಿಯಿದೆ. ಮೊದಲನೆಯದು ನಾಮನಿರ್ದೇಶನ: ಅಧ್ಯಕ್ಷರು ಒಂದು ಹೆಸರು ಕಳಿಸುತ್ತಾರೆ. ಎರಡನೆಯದು ಸಮ್ಮತಿ: ಸೆನೆಟ್, ಅಂದರೆ ರಾಜ್ಯಗಳನ್ನು ಪ್ರತಿನಿಧಿಸುವ ಮೇಲ್ಮನೆ, ಆ ಹೆಸರನ್ನು ಒಪ್ಪುತ್ತದೆ ಅಥವಾ ತಿರಸ್ಕರಿಸುತ್ತದೆ. ಮೂರನೆಯದು ಸನ್ನದು: ಅಧ್ಯಕ್ಷರ ಸಹಿ ಮತ್ತು ಮೊಹರು ಇರುವ ನೇಮಕ ಪತ್ರ. ಕೆಳಹಂತದ ಹುದ್ದೆಗಳ ನೇಮಕವನ್ನು ಅಧ್ಯಕ್ಷರೊಬ್ಬರಿಗೆ, ಕೋರ್ಟುಗಳಿಗೆ ಅಥವಾ ಖಾತೆಯ ಮುಖ್ಯಸ್ಥರಿಗೆ ಬಿಟ್ಟುಕೊಡುವ ಅಧಿಕಾರ ಕಾಂಗ್ರೆಸ್ಸಿಗಿದೆ.

ಇದರಲ್ಲಿ ಇಲ್ಲದ್ದನ್ನು ಗಮನಿಸಿ. ಪ್ರವೇಶ ಪರೀಕ್ಷೆಯ ಮಾತಿಲ್ಲ, ವಿದ್ಯಾರ್ಹತೆಯ ಮಾತಿಲ್ಲ, ಖಾಲಿ ಹುದ್ದೆಯ ಪ್ರಕಟಣೆಯ ಮಾತಿಲ್ಲ. ಒಬ್ಬ ಮನುಷ್ಯ ಹೆಸರು ಆರಿಸುತ್ತಾನೆ, ಅಷ್ಟೇ. ಇದು ಬರೆಯುವವರು ಮರೆತದ್ದಲ್ಲ, ವಾದ ಮಾಡಿ ಬೇಕೆಂದೇ ತಂದದ್ದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನಾ ಸಭೆ ನಡೆದಾಗ, ನ್ಯಾಯಾಧೀಶರನ್ನು ಶಾಸಕಾಂಗವೇ ನೇಮಿಸಲಿ ಎಂಬ ಸಲಹೆ ಬಂದಿತ್ತು. ಪೆನ್ಸಿಲ್ವೇನಿಯಾದ ವಕೀಲ ಜೇಮ್ಸ್ ವಿಲ್ಸನ್ ಅದನ್ನು ವಿರೋಧಿಸಿದರು. ಹೆಚ್ಚು ಜನ ಸೇರಿ ನೇಮಕ ಮಾಡಿದರೆ ಒಳಸಂಚು, ಪಕ್ಷಪಾತ, ಮುಚ್ಚುಮರೆ ತಪ್ಪದು. ಹೊಣೆ ಹೊರುವ ಒಬ್ಬನೇ ವ್ಯಕ್ತಿ ನೇಮಕ ಮಾಡಬೇಕು ಎನ್ನುವುದು ಅವರ ವಾದ. ಎರಡು ವರ್ಷ ಕಳೆಯುವುದರೊಳಗೆ ಅದೇ ವಿಲ್ಸನ್ ಆ ಒಬ್ಬನೇ ವ್ಯಕ್ತಿಗೆ ಕಾಗದ ಬರೆಯಲು ಕೂತರು.

## ಬರೆದವರು ಯಾರು

ಉಮೇದುವಾರರಲ್ಲಿ ಎದ್ದು ಕಾಣುವ ಗುಂಪು ಸ್ವಾತಂತ್ರ್ಯ ಯುದ್ಧದ ಮಾಜಿ ಸೇನಾಧಿಕಾರಿಗಳದು. ಯುದ್ಧ ಮುಗಿದಾಗ ಅವರ ಬಾಕಿ ಸಂಬಳಕ್ಕೆ ನಗದು ಸಿಕ್ಕಿರಲಿಲ್ಲ, ಸಾಲಪತ್ರ ಸಿಕ್ಕಿತ್ತು. ಹೊಟ್ಟೆಪಾಡಿಗಾಗಿ ಎಷ್ಟೋ ಮಂದಿ ಆ ಪತ್ರಗಳನ್ನು ಕಾಲು ಬೆಲೆಗೆ, ಇನ್ನೂ ಕಡಿಮೆಗೆ, ಮಾರಿಕೊಂಡಿದ್ದರು. ಬಾಸ್ಟನ್ ಬಂದರಿನ ಕಲೆಕ್ಟರ್ ಆದ ಬೆಂಜಮಿನ್ ಲಿಂಕನ್ ಯುದ್ಧಕಾಲದ ಜನರಲ್. 1789ರ ಹೊತ್ತಿಗೆ ಹಣದ ತಾಪತ್ರಯದಲ್ಲಿ ಸಿಕ್ಕಿಕೊಂಡಿದ್ದರು.

ಇನ್ನೊಂದು ಗುಂಪು ಅದುವರೆಗೆ ರಾಜ್ಯಗಳ ಸುಂಕ ಎತ್ತುತ್ತಿದ್ದ ಅಧಿಕಾರಿಗಳದು. ಹೊಸ ಸಂವಿಧಾನ ಸುಂಕವನ್ನು ಕೇಂದ್ರಕ್ಕೆ ಕೊಟ್ಟಿದ್ದರಿಂದ ಅವರ ಕೆಲಸ ಬುಡಸಮೇತ ಹೋಗುವುದರಲ್ಲಿತ್ತು. ‘ಈಗಲೂ ಇದನ್ನೇ ಮಾಡುತ್ತಿದ್ದೇನೆ, ಮುಂದುವರಿಸಿ’ ಎನ್ನುವುದು ಅವರ ಕೋರಿಕೆ. ಇದು ಗಟ್ಟಿ ವಾದವೇ ಆಗಿತ್ತು, ಹಲವರು ಅದೇ ಕುರ್ಚಿಯಲ್ಲಿ ಉಳಿದರು. ಉಳಿದಂತೆ ವಕೀಲರು, ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು, ದೊಡ್ಡ ಮನೆತನದ ಕಿರಿಯ ಮಕ್ಕಳು.

ಇವರಲ್ಲಿ ಓದಿದವರೇ ಯಾಕೆ ಹೆಚ್ಚು? ಹುದ್ದೆಗೆ ಪದವಿ ಬೇಕೆಂಬ ನಿಯಮ ಇರಲಿಲ್ಲ. ಸ್ವಾತಂತ್ರ್ಯ ಯುದ್ಧಕ್ಕೆ ಮೊದಲು ಸ್ಥಾಪನೆಯಾಗಿದ್ದ ಕಾಲೇಜುಗಳೇ ಒಂಬತ್ತು. ಆದರೆ ಅಧ್ಯಕ್ಷರಿಗೆ ಕಾಗದ ಬರೆಯುವುದೇ ಒಂದು ವಿದ್ಯೆ. ಯಾರನ್ನು ಹೇಗೆ ಸಂಬೋಧಿಸಬೇಕು, ಕಷ್ಟವನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ಹದ ಗೊತ್ತಿರಬೇಕು. ಹುದ್ದೆಗೆ ಇಲ್ಲದ ಪರೀಕ್ಷೆಯನ್ನು ಕಾಗದವೇ ಸದ್ದಿಲ್ಲದೆ ಮಾಡಿಬಿಡುತ್ತಿತ್ತು.

## ಕೇಳಿಯೂ ಕೇಳದ ಹಾಗೆ

ಈ ಕಾಗದಗಳನ್ನು ಓದುವಾಗ ಇಂದಿನವರಿಗೆ ವಿಚಿತ್ರ ಅನಿಸುವುದು ಅವುಗಳ ಸಂಕೋಚ. ಗಣರಾಜ್ಯ ಎಂದರೆ ಹುದ್ದೆ ಯೋಗ್ಯನನ್ನು ಹುಡುಕಿಕೊಂಡು ಬರಬೇಕು, ಯೋಗ್ಯ ಹುದ್ದೆಯನ್ನು ಹುಡುಕಿಕೊಂಡು ಹೋಗಬಾರದು ಎನ್ನುವುದು ಆ ತಲೆಮಾರಿನ ಆದರ್ಶ. ಬಾಯಿಬಿಟ್ಟು ಕೇಳಿದವನು ಆಸೆಬುರುಕ ಎನಿಸಿಕೊಳ್ಳುತ್ತಿದ್ದ. ಕೇಳದಿದ್ದರೆ ನ್ಯೂಯಾರ್ಕಿನಲ್ಲಿ ಕೂತ ಅಧ್ಯಕ್ಷರಿಗೆ ಜಾರ್ಜಿಯಾದ ಒಂದು ಬಂದರಿನಲ್ಲಿ ಇಂಥವನೊಬ್ಬ ಇದ್ದಾನೆ ಎಂದು ಗೊತ್ತಾಗುವುದಾದರೂ ಹೇಗೆ?

ಹಳೆಯ ಕಾಲದಲ್ಲಿ ನಮ್ಮ ಹಿರಿಯರು ಸಂಬಂಧ ಕುದುರಿಸುತ್ತಿದ್ದ ಬಗೆಯನ್ನು ನೆನೆಸಿಕೊಳ್ಳಿ. ನೇರವಾಗಿ ಹೋಗಿ ಕೇಳುವಂತಿಲ್ಲ. ಎರಡೂ ಕಡೆಗೆ ಬೇಕಾದವರೊಬ್ಬರ ಕಿವಿಗೆ ಮಾತು ಹಾಕಬೇಕು, ಅವರು ಹೊತ್ತು ನೋಡಿ ಪ್ರಸ್ತಾಪ ಮಾಡಬೇಕು. ಆಗದಿದ್ದರೆ ‘ನಾವೇನೂ ಕೇಳಿರಲಿಲ್ಲವಲ್ಲ’ ಎನ್ನುವ ಅವಕಾಶ ಇರಬೇಕು. ನೌಕರಿಯ ಕಾಗದವೂ ಹೀಗೇ ಜೋಡಿಯಾಗಿ ಬರುತ್ತಿತ್ತು. ಉಮೇದುವಾರನದು ಒಂದು, ಅವನ ಪರವಾಗಿ ಗವರ್ನರೋ ನ್ಯಾಯಾಧೀಶನೋ ಹಳೆಯ ಸೇನಾಪತಿಯೋ ಬರೆದದ್ದು ಇನ್ನೊಂದು. ಹಲವು ಸಲ ಎರಡನೆಯದೇ ಮೊದಲು ತಲುಪುತ್ತಿತ್ತು.

ಜೇಮ್ಸ್ ವಿಲ್ಸನ್ ಅವರ ಕಾಗದವನ್ನು ಹತ್ತಿರದಿಂದ ನೋಡೋಣ. ತಾರೀಖು 1789ರ ಏಪ್ರಿಲ್ 21, ಪ್ರಮಾಣವಚನಕ್ಕೆ ಒಂಬತ್ತು ದಿನ ಮೊದಲು. ಬರೆದವರು ಸಾಮಾನ್ಯರಲ್ಲ: ಸ್ಕಾಟ್ಲೆಂಡಿನಲ್ಲಿ ಓದಿ ಬಂದವರು, ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಎರಡಕ್ಕೂ ಸಹಿ ಹಾಕಿದ ಕೆಲವೇ ಜನರಲ್ಲಿ ಒಬ್ಬರು. ಆದರೂ ಶುರುಮಾಡುವುದು ಸಂಕೋಚದಿಂದ. ನಿಮ್ಮ ಸ್ಥಾನಮಾನ, ನನ್ನ ಸ್ಥಾನಮಾನ ಎರಡನ್ನೂ ನೆನೆದು ಇಷ್ಟು ದಿನ ಸುಮ್ಮನಿದ್ದೆ ಎನ್ನುತ್ತಾರೆ. ಆಮೇಲೆ ಒಂದೇ ಉಸಿರಿಗೆ ವಿಷಯ: ತನ್ನ ಕಣ್ಣು ಮುಖ್ಯ ನ್ಯಾಯಮೂರ್ತಿಯ ಹುದ್ದೆಯ ಮೇಲಿದೆ. ಹೇಳಿದ ಮರುಕ್ಷಣವೇ ಮತ್ತೆ ಹಿಂದೆ ಸರಿಯುತ್ತಾರೆ. ಇನ್ನು ಮುಂದೆ ಏನು ಬರೆಯಲಿ, ನನ್ನ ಯೋಗ್ಯತೆಗಳನ್ನು ಪಟ್ಟಿ ಮಾಡಲೇ, ನನ್ನ ಲೇಖನಿಯಿಂದ ನನ್ನನ್ನೇ ಹೊಗಳಿಕೊಂಡು ಅಭ್ಯಾಸವಿಲ್ಲ ಎಂಬ ಧಾಟಿ. ಅರ್ಹತೆಯ ಪಟ್ಟಿ ಕೊಡದೆಯೇ ಅರ್ಹ ಎಂದು ತೋರಿಸಿಕೊಳ್ಳುವ ಈ ನಡೆ ಆ ಕಾಲದ ಅರ್ಜಿಯ ಅತ್ಯುತ್ತಮ ಮಾದರಿ. ನನಗಂತೂ ಇದು ಕೋರ್ಟಿನಲ್ಲಿ ಮಾಡಿದ ವಾದದಷ್ಟೇ ಲೆಕ್ಕಾಚಾರದ ಬರಹ ಎನಿಸುತ್ತದೆ.

ವಾಷಿಂಗ್ಟನ್ ಮೇ 9ರಂದು ಉತ್ತರಿಸಿದರು. ಯಾರಿಗೂ ಮಾತು ಕೊಡದೆ ಅಧಿಕಾರಕ್ಕೆ ಬರಬೇಕೆಂದು ನಿಶ್ಚಯಿಸಿದ್ದೇನೆ ಎಂಬುದು ಉತ್ತರದ ಸಾರ. ಒಪ್ಪಿದ್ದಲ್ಲ, ಒಲ್ಲೆ ಎಂದದ್ದೂ ಅಲ್ಲ. ಕೊನೆಗೆ ಮುಖ್ಯ ನ್ಯಾಯಮೂರ್ತಿಯ ಹುದ್ದೆ ನ್ಯೂಯಾರ್ಕಿನ ಜಾನ್ ಜೇ ಅವರಿಗೆ ಹೋಯಿತು, ವಿಲ್ಸನ್ ಅವರಿಗೆ ಉಳಿದ ಐದು ಸ್ಥಾನಗಳಲ್ಲಿ ಒಂದು ಸಿಕ್ಕಿತು.

ನ್ಯೂಯಾರ್ಕಿನ ರಾಬರ್ಟ್ ಲಿವಿಂಗ್‌ಸ್ಟನ್ ಅವರಿಗೆ ಅಷ್ಟೂ ಸಿಗಲಿಲ್ಲ. ಏಪ್ರಿಲ್ 30ರಂದು ವಾಷಿಂಗ್ಟನ್ ಅವರಿಗೆ ಪ್ರಮಾಣವಚನ ಬೋಧಿಸಿದವರೇ ಇವರು. ಮೇ ತಿಂಗಳಲ್ಲೇ ಹುದ್ದೆ ಕೋರಿ ಬರೆದರು, ನಯವಾದ ಉತ್ತರ ಬಂತು, ಹುದ್ದೆ ಬರಲಿಲ್ಲ. ಮುಂದೆ ಅವರು ವಿರೋಧಿ ಪಾಳೆಯ ಸೇರಿಕೊಂಡರು.

## ಓದುವವರ ಮೇಜಿನ ಮೇಲೆ

ಆಗ ಕಾಗದಕ್ಕೆ ಪ್ರತ್ಯೇಕ ಲಕೋಟೆ ಇರುತ್ತಿರಲಿಲ್ಲ. ಬರೆದ ಹಾಳೆಯನ್ನೇ ಮಡಿಚಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಅಂಚೆಯ ದರ ಹಾಳೆಗಿಷ್ಟು, ದೂರಕ್ಕಿಷ್ಟು ಎಂಬ ಲೆಕ್ಕ. 1792ರ ಅಂಚೆ ಕಾಯ್ದೆಯ ಪ್ರಕಾರ ಒಂದು ಹಾಳೆಗೆ 30 ಮೈಲಿಯವರೆಗೆ 6 ಸೆಂಟ್, 450 ಮೈಲಿ ದಾಟಿದರೆ 25 ಸೆಂಟ್. ಸಾಮಾನ್ಯವಾಗಿ ಹಣ ಕೊಡುತ್ತಿದ್ದವನು ಕಾಗದ ಪಡೆದವನು. ಆದರೆ ಅಧ್ಯಕ್ಷರಿಗೆ ಬರುವ, ಅಧ್ಯಕ್ಷರಿಂದ ಹೋಗುವ ಕಾಗದಗಳಿಗೆ ಅದೇ ಕಾಯ್ದೆ ಶುಲ್ಕ ಮನ್ನಾ ಮಾಡಿತ್ತು. ಹೀಗೆ ಅಧ್ಯಕ್ಷರಿಗೆ ಅರ್ಜಿ ಬರೆಯುವುದಕ್ಕೆ ಹಾಳೆ, ಶಾಯಿ ಬಿಟ್ಟರೆ ಖರ್ಚೇ ಇರಲಿಲ್ಲ. ಕಾಗದಗಳ ರಾಶಿ ಯಾಕೆ ಬೆಳೆಯಿತು ಎಂದು ಕೇಳುವವರು ಈ ಸಣ್ಣ ಸಂಗತಿಯನ್ನು ಮರೆಯಬಾರದು.

ಅಧಿಕಾರದ ಮೊದಲ ವಾರದಲ್ಲೇ, ಮೇ 5ರಂದು, ದಕ್ಷಿಣ ಕೆರೊಲಿನಾದ ಎಡ್ವರ್ಡ್ ರಟ್ಲೆಜ್ ಅವರಿಗೆ ಬರೆಯುತ್ತ ವಾಷಿಂಗ್ಟನ್, ತನ್ನ ಕೆಲಸದ ಅತಿ ಕಷ್ಟದ, ಅತಿ ನಾಜೂಕಿನ ಭಾಗಗಳಲ್ಲಿ ನೇಮಕವೂ ಒಂದಾಗಲಿದೆ ಎಂದಿದ್ದರು. ಅವರು ಇಟ್ಟುಕೊಂಡ ಅಳತೆಗೋಲು ಮೂರು. ಹುದ್ದೆಗೆ ತಕ್ಕ ಯೋಗ್ಯತೆ ಮತ್ತು ನಡತೆ. ಹಿಂದೆ ದೇಶಕ್ಕಾಗಿ ಮಾಡಿದ ಸೇವೆ, ಪಟ್ಟ ಪಾಡು. ಹುದ್ದೆಗಳು ಎಲ್ಲ ರಾಜ್ಯಗಳಿಗೂ ಆದಷ್ಟು ಸಮನಾಗಿ ಹಂಚಿಹೋಗಬೇಕು ಎನ್ನುವುದು. ಮೂರನೆಯದು ನಮ್ಮ ಸಂಪುಟ ರಚನೆ ನೋಡಿದವರಿಗೆ ಹೊಸದೇನಲ್ಲ.

ಮೊದಲ ಅಳತೆಯನ್ನು ಬಳಸುವುದೇ ಕಷ್ಟ. ನೋಡಿಯೇ ಇರದ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಹೇಗೆ? ಊರಿನಲ್ಲಿ ಅವನ ಹೆಸರು ಹೇಗಿದೆ ಎಂದು ವಿಚಾರಿಸಬೇಕು. ವಾಷಿಂಗ್ಟನ್ ಆಯಾ ರಾಜ್ಯದ ಸೆನೆಟರುಗಳನ್ನು, ಗವರ್ನರುಗಳನ್ನು, ಯುದ್ಧಕಾಲದ ಜೊತೆಗಾರರನ್ನು ಕೇಳುತ್ತಿದ್ದರು. ಕಾಗದ ಮಾಡುತ್ತಿದ್ದದ್ದು ಇಷ್ಟೇ: ಹೆಸರನ್ನು ಮೇಜಿನ ಮೇಲೆ ತಂದಿಡುವುದು. ಆ ಹೆಸರಿಗೆ ತೂಕ ಬರುತ್ತಿದ್ದದ್ದು ಬೇರೆಯವರ ಬಾಯಿಂದ. ಬರೀ ಕಾಗದದ ಬಲದಿಂದ ಹುದ್ದೆ ಗಿಟ್ಟಿಸಿದವರು ಅಪರೂಪ.

ಬಂಧುಗಳ ವಿಷಯದಲ್ಲಿ ಅವರು ಖಡಾಖಂಡಿತ. ತಮ್ಮನ ಮಗ ಬುಶ್‌ರಾಡ್ ವಾಷಿಂಗ್ಟನ್ ವರ್ಜೀನಿಯಾದ ಸರ್ಕಾರಿ ವಕೀಲನ ಹುದ್ದೆ ಕೇಳಿದ. 1789ರ ಜುಲೈ 27ರ ಉತ್ತರದಲ್ಲಿ ದೊಡ್ಡಪ್ಪ ಎರಡು ಕಾರಣ ಕೊಟ್ಟರು. ಒಂದು, ಹಿರಿಯ ವಕೀಲರನ್ನು ಬಿಟ್ಟು ನಿನ್ನನ್ನು ಆರಿಸುವಷ್ಟು ನಿನ್ನ ವೃತ್ತಿ ಇನ್ನೂ ಬೆಳೆದಿಲ್ಲ. ಇನ್ನೊಂದು, ಗ್ರೀಕ್ ಪುರಾಣದ ನೂರು ಕಣ್ಣಿನ ಆರ್ಗಸ್ ನನ್ನನ್ನೇ ನೋಡುತ್ತಿದ್ದಾನೆ. ಸ್ನೇಹಿತರಿಗೋ ನೆಂಟರಿಗೋ ಒಲಿದೆ ಎಂದು ಆಡಿಕೊಳ್ಳಲು ಸಿಗುವ ಯಾವ ಎಡವಟ್ಟೂ ಆ ಕಣ್ಣುಗಳನ್ನು ತಪ್ಪಿಸಿಕೊಳ್ಳದು. ಒಂಬತ್ತು ವರ್ಷದ ನಂತರ, 1798ರಲ್ಲಿ, ಭೂಮಿ ವ್ಯವಹಾರದ ಸಾಲದಲ್ಲಿ ಮುಳುಗಿ ಜೈಲನ್ನೂ ಕಂಡಿದ್ದ ಜೇಮ್ಸ್ ವಿಲ್ಸನ್ ತೀರಿಕೊಂಡರು. ಸುಪ್ರೀಂ ಕೋರ್ಟಿನಲ್ಲಿ ತೆರವಾದ ಅವರ ಸ್ಥಾನಕ್ಕೆ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ನೇಮಿಸಿದ್ದು ಇದೇ ಬುಶ್‌ರಾಡ್‌ನನ್ನು.

## ಸವಾನ್ನಾದ ಒಂದು ಹೆಸರು

ಅಧ್ಯಕ್ಷರು ಒಪ್ಪಿದರೂ ದಾರಿ ಮುಗಿಯುತ್ತಿರಲಿಲ್ಲ. 1789ರ ಆಗಸ್ಟ್ ಮೊದಲ ವಾರ ವಾಷಿಂಗ್ಟನ್ ಸುಂಕದ ಹುದ್ದೆಗಳಿಗೆ ನೂರರಷ್ಟು ಹೆಸರುಗಳನ್ನು ಸೆನೆಟ್ಟಿಗೆ ಕಳಿಸಿದರು. ಜಾರ್ಜಿಯಾದ ಸವಾನ್ನಾ ಬಂದರಿನ ನೇವಲ್ ಆಫೀಸರ್ ಎಂಬ ಸುಂಕದ ಹುದ್ದೆಗೆ ಅವರು ಆರಿಸಿದ್ದು ಬೆಂಜಮಿನ್ ಫಿಶ್‌ಬರ್ನ್ ಅವರನ್ನು, ಯುದ್ಧದಲ್ಲಿ ದುಡಿದ ಅಧಿಕಾರಿ. ಆಗಸ್ಟ್ 5ರಂದು ಸೆನೆಟ್ ಆ ಹೆಸರನ್ನು ತಿರಸ್ಕರಿಸಿತು. ಅಧ್ಯಕ್ಷರು ಕಳಿಸಿದ ಹೆಸರನ್ನು ಸೆನೆಟ್ ತಳ್ಳಿಹಾಕಿದ ಮೊದಲ ಪ್ರಸಂಗ ಇದು. ಜಾರ್ಜಿಯಾದ ಸೆನೆಟರಿಗೇ ಅವರು ಬೇಡವಾಗಿದ್ದರು.

ಮರುದಿನ ವಾಷಿಂಗ್ಟನ್ ಸೆನೆಟ್ಟಿಗೆ ಬರೆದ ಸಂದೇಶದಲ್ಲಿ ಫಿಶ್‌ಬರ್ನ್‌ರನ್ನು ಯಾಕೆ ಆರಿಸಿದೆ ಎಂದು ವಿವರಿಸಿದರು. ಮುಂದೆ ಇಂಥ ಸಂದರ್ಭ ಬಂದರೆ ಮೊದಲು ನನ್ನನ್ನೊಂದು ಮಾತು ಕೇಳಬಹುದಲ್ಲ ಎಂಬ ಅಸಮಾಧಾನ ಅದರಲ್ಲಿ ಮರೆಯಾಗಿ ಇದೆ. ಹೀಗಿದ್ದೂ ಅವರು ಹಟ ಹಿಡಿಯಲಿಲ್ಲ, ಬೇರೆ ಹೆಸರು ಕಳಿಸಿದರು. ಒಂದು ರಾಜ್ಯದಲ್ಲಿನ ಹುದ್ದೆಗೆ ಆ ರಾಜ್ಯದ ಸೆನೆಟರು ಬೇಡವೆಂದರೆ ಉಳಿದ ಸೆನೆಟರುಗಳೂ ದನಿಗೂಡಿಸುವ ರೂಢಿ ಇಲ್ಲಿಂದ ಬೆಳೆಯಿತು. ಜಾಣ ಉಮೇದುವಾರರು ಪಾಠ ಕಲಿತರು: ಒಂದು ಕಾಗದ ಅಧ್ಯಕ್ಷರಿಗೆ, ಇನ್ನೊಂದು ತಮ್ಮ ಸೆನೆಟರಿಗೆ.

## ಬಾಲ್ಟಿಮೋರಿನ ಅಂಚೆಯಮ್ಮ

ಇದುವರೆಗೆ ಹೇಳಿದ್ದೆಲ್ಲ ಗಂಡಸರ ಕಥೆ. ಹೆಂಗಸರೂ ಬರೆದರು, ಹೆಚ್ಚಾಗಿ ಗಂಡನಿಗೆ, ಮಗನಿಗೆ ಹುದ್ದೆ ಕೇಳಿ. ತನಗಾಗಿ ಕೇಳಿದವರಲ್ಲಿ ಮೇರಿ ಕ್ಯಾಥರೀನ್ ಗಾಡರ್ಡ್ ಒಬ್ಬರು, ಅವರ ಪ್ರಕರಣ ಈ ವ್ಯವಸ್ಥೆಯ ಅಂಚನ್ನು ತೋರಿಸುತ್ತದೆ.

ಗಾಡರ್ಡ್ 1775ರಿಂದ ಬಾಲ್ಟಿಮೋರಿನ ಪೋಸ್ಟ್‌ಮಾಸ್ಟರ್. ಜೊತೆಗೆ ಮುದ್ರಣಾಲಯ ನಡೆಸುತ್ತಿದ್ದರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಹೆಸರುಗಳೊಂದಿಗೆ ಅದನ್ನು ಮೊದಲು ಅಚ್ಚು ಹಾಕಿದ್ದು ಅವರ ಮುದ್ರಣಾಲಯದಲ್ಲೇ, 1777ರ ಜನವರಿಯಲ್ಲಿ. ಯುದ್ಧಕಾಲದಲ್ಲಿ ಅಂಚೆ ಒಯ್ಯುವವರಿಗೆ ಕೈಯಿಂದ ಹಣ ಕೊಟ್ಟು ಸೇವೆ ನಿಲ್ಲದಂತೆ ನೋಡಿಕೊಂಡರು. 1789ರ ಕೊನೆಯಲ್ಲಿ ಹೊಸ ಪೋಸ್ಟ್‌ಮಾಸ್ಟರ್ ಜನರಲ್ ಸ್ಯಾಮುಯೆಲ್ ಆಸ್‌ಗುಡ್ ಕಾಲದಲ್ಲಿ ಅವರನ್ನು ತೆಗೆದುಹಾಕಲಾಯಿತು. ಹುದ್ದೆಗೆ ಇನ್ನು ಮುಂದೆ ಹೆಚ್ಚು ಪ್ರಯಾಣ ಬೇಕಾಗುತ್ತದೆ, ಹೆಂಗಸಿಗೆ ಅದು ಆಗದು ಎಂಬ ಕಾರಣ. ಊರಿನ ಇನ್ನೂರಕ್ಕೂ ಹೆಚ್ಚು ಜನ ಅವರ ಪರ ಸಹಿ ಹಾಕಿದರು.

ಡಿಸೆಂಬರ್ 23ರಂದು ಗಾಡರ್ಡ್ ವಾಷಿಂಗ್ಟನ್ ಅವರಿಗೆ ಬರೆದರು. ಈ ಬರಹದಲ್ಲಿ ವಿಲ್ಸನ್ ಅವರ ನಾಜೂಕು ಇಲ್ಲ. ಹದಿನಾಲ್ಕು ವರ್ಷದ ಸೇವೆ, ಕೈಯಿಂದ ಹಾಕಿದ ಹಣ, ಯಾವ ತಪ್ಪೂ ತೋರಿಸದೆ ಕಿತ್ತುಕೊಂಡ ಹುದ್ದೆ: ಒಂದೊಂದನ್ನೂ ಲೆಕ್ಕ ಒಪ್ಪಿಸುವಂತೆ ಮುಂದಿಡುತ್ತಾರೆ. ಅಧ್ಯಕ್ಷರ ಮೂರು ಅಳತೆಗೋಲಿನಲ್ಲಿ ಮೊದಲೆರಡಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. 1790ರ ಜನವರಿ 6ರ ಉತ್ತರದಲ್ಲಿ ವಾಷಿಂಗ್ಟನ್, ಅಂಚೆ ಖಾತೆಯ ನೇಮಕಗಳಲ್ಲಿ ನಾನು ಕೈಹಾಕುವುದಿಲ್ಲ ಎಂದರು. ಗಾಡರ್ಡ್ ಸೆನೆಟ್ಟಿಗೂ ಮನವಿ ಕೊಟ್ಟರು. ಹುದ್ದೆ ಮರಳಿ ಸಿಗಲಿಲ್ಲ.

## ಜೆಫರ್ಸನ್ ಅವರ ಮೌನ

ವಾಷಿಂಗ್ಟನ್ ಕಾಲದಲ್ಲಿ ಹುದ್ದೆಗಳು ಖಾಲಿ ಇದ್ದವು, ತುಂಬಬೇಕಿತ್ತು. 1801ರ ಮಾರ್ಚ್ 4ರಂದು ಥಾಮಸ್ ಜೆಫರ್ಸನ್ ಮೂರನೇ ಅಧ್ಯಕ್ಷರಾದಾಗ ಹುದ್ದೆಗಳೆಲ್ಲ ತುಂಬಿದ್ದವು, ಅದೂ ಬಹುತೇಕ ಸೋತ ಪಕ್ಷದವರಿಂದ. ಆಡಮ್ಸ್ ಕೊನೆಯ ದಿನಗಳಲ್ಲೂ ನೇಮಕ ಮಾಡುತ್ತಲೇ ಇದ್ದರು. ವಿಲಿಯಂ ಮಾರ್ಬರಿ ಎಂಬವರಿಗೆ ರಾಜಧಾನಿಯಲ್ಲಿ ಶಾಂತಿಪಾಲಕ ನ್ಯಾಯಾಧೀಶನ ಹುದ್ದೆ ಸಿಕ್ಕಿತ್ತು, ಸನ್ನದಿಗೆ ಸಹಿ ಮೊಹರು ಎರಡೂ ಬಿದ್ದಿತ್ತು, ಕೈಗೆ ತಲುಪಿಸಲು ಹೊತ್ತಾಗಲಿಲ್ಲ. ಹೊಸ ಸರ್ಕಾರ ಅದನ್ನು ತಡೆಹಿಡಿಯಿತು. ಆತ ಕೋರ್ಟಿಗೆ ಹೋದ. 1803ರ ಫೆಬ್ರವರಿ 24ರಂದು ಬಂದ ತೀರ್ಪು, ಕಾಂಗ್ರೆಸ್ ಮಾಡಿದ ಕಾಯ್ದೆ ಸಂವಿಧಾನಕ್ಕೆ ವಿರುದ್ಧವಾದರೆ ಅದನ್ನು ಅಸಿಂಧು ಎನ್ನುವ ಅಧಿಕಾರ ಕೋರ್ಟಿಗಿದೆ ಎಂದು ಸಾರಿತು. ಮಾರ್ಬರಿಗೆ ಹುದ್ದೆ ಮಾತ್ರ ದಕ್ಕಲಿಲ್ಲ.

ತನ್ನ ಪಕ್ಷದವರಿಗೆ ಜಾಗ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಜೆಫರ್ಸನ್ ಕೊಟ್ಟ ಉತ್ತರ ಪ್ರಸಿದ್ಧ. ನ್ಯೂಹೇವನ್ ಬಂದರಿನ ಕಲೆಕ್ಟರನ್ನು ತೆಗೆದು 77 ವರ್ಷದ ಸ್ಯಾಮುಯೆಲ್ ಬಿಷಪ್ ಅವರನ್ನು ಕೂರಿಸಿದಾಗ ಅಲ್ಲಿನ ವರ್ತಕರು ಪ್ರತಿಭಟಿಸಿದರು. 1801ರ ಜುಲೈ 12ರ ಉತ್ತರದಲ್ಲಿ ಜೆಫರ್ಸನ್ ಕೇಳಿದ್ದು: ಹುದ್ದೆ ಖಾಲಿಯಾಗದೆ ನ್ಯಾಯವಾದ ಪಾಲು ಕೊಡುವುದು ಹೇಗೆ? ಸಾವಿನಿಂದ ತೆರವಾಗುವ ಹುದ್ದೆ ಕೆಲವೇ, ರಾಜೀನಾಮೆಯಿಂದ ಒಂದೂ ಇಲ್ಲ. ಅಂದಹಾಗೆ ಬಿಷಪ್ 1803ರಲ್ಲಿ ತೀರಿಕೊಂಡಾಗ ಆ ಕುರ್ಚಿ ಅವರ ಮಗನಿಗೆ ಹೋಯಿತು. ತನ್ನ ಸ್ವಂತ ನೆಂಟರ ವಿಷಯದಲ್ಲಿ ಮಾತ್ರ ಜೆಫರ್ಸನ್ ವಾಷಿಂಗ್ಟನ್ ಅವರಷ್ಟೇ ಬಿಗಿ. ಬಂಧುವನ್ನು ನೇಮಿಸಿದರೆ ಅದು ಯೋಗ್ಯತೆ ನೋಡಿಯೇ ಮಾಡಿದ್ದು ಎಂದು ಜನ ಎಂದೂ ನಂಬುವುದಿಲ್ಲ ಎಂದು ಸೋದರ ಸಂಬಂಧಿಯೊಬ್ಬರಿಗೆ ಬರೆದಿದ್ದರು.

ಅವರು ತಮಗೆ ಬಂದ, ತಾವು ಬರೆದ ಪ್ರತಿ ಕಾಗದವನ್ನೂ ಒಂದು ದಿನಚರಿಯಲ್ಲಿ ದಾಖಲು ಮಾಡುತ್ತಿದ್ದರು. ಹುದ್ದೆ ಕೇಳಿ ಬಂದ ಕಾಗದವಾದರೆ ಹೆಸರಿನ ಪಕ್ಕ ‘ಆಫ್’ ಎಂಬ ಚುಟುಕು ಗುರುತು, ಆಫೀಸ್ ಎಂಬುದರ ಸಂಕ್ಷೇಪ. ಉತ್ತರ ಬರೆಯುತ್ತಿರಲಿಲ್ಲ. 1804ರ ನವೆಂಬರಿನಲ್ಲಿ ಒಬ್ಬ ಉಮೇದುವಾರ ತನ್ನ ಕಾಗದಗಳಿಗೆ ಉತ್ತರವೇ ಬಂದಿಲ್ಲ ಎಂದು ನೇರವಾಗಿ ದೂರಿದಾಗ, ಜೆಫರ್ಸನ್ ಅಷ್ಟೇ ನೇರವಾಗಿ ಬರೆದರು: ಹುದ್ದೆ ಸಿಕ್ಕವನಿಗೆ ಸನ್ನದೇ ಉತ್ತರ. ಸಿಗದ ನೂರಾರು ಜನರಿಗೆ ಒಬ್ಬೊಬ್ಬರಿಗೂ ಕಾರಣ ವಿವರಿಸುತ್ತ ಕೂತರೆ ನನ್ನ ಹೊತ್ತೆಲ್ಲ ಅದಕ್ಕೇ ಹೋದೀತು, ಮೇಲೆ ಜಗಳ ಬೇರೆ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಸಾಲಿಗಾಗಿ ತಿಂಗಳುಗಟ್ಟಲೆ ಕಾದವರಿಗೆ ಈ ಉತ್ತರ ಒರಟು ಅನಿಸಬಹುದು. ಆದರೆ ಅದರಲ್ಲಿ ಸುಳ್ಳು ಭರವಸೆ ಇರಲಿಲ್ಲ.

ಹೀಗೆ ಬಂದ ಕಾಗದಗಳನ್ನು ಬಿಸಾಡಲಿಲ್ಲ. 1797ರಿಂದ 1877ರವರೆಗಿನ ಅರ್ಜಿಗಳು, ಶಿಫಾರಸುಗಳು ಒಬ್ಬೊಬ್ಬ ಅಧ್ಯಕ್ಷರ ಅವಧಿಯಂತೆ ವಿಂಗಡವಾಗಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

## ಕಾಗದದಿಂದ ಪರೀಕ್ಷೆಗೆ

ಮುಂದಿನದು ಬೇಗ ಹೇಳಬಹುದಾದ ಕಥೆ. 1820ರ ಕಾಯ್ದೆಯೊಂದು ಸುಂಕದ ಕಲೆಕ್ಟರ್, ಸರ್ಕಾರಿ ವಕೀಲ ಮುಂತಾದವರ ಅವಧಿಯನ್ನು ನಾಲ್ಕು ವರ್ಷಕ್ಕೆ ಮಿತಿಗೊಳಿಸಿತು. ಅಂದರೆ ಕಾಗದ ಬರೆಯುವ ಸಂದರ್ಭ ನಾಲ್ಕು ವರ್ಷಕ್ಕೊಮ್ಮೆ ತಾನಾಗಿ ಬರತೊಡಗಿತು. 1829ರಲ್ಲಿ ಬಂದ ಆಂಡ್ರೂ ಜಾಕ್ಸನ್, ಸರ್ಕಾರಿ ಕೆಲಸ ಬುದ್ಧಿಯಿರುವ ಯಾರಾದರೂ ಕಲಿತು ಮಾಡುವಷ್ಟು ಸರಳ, ಯಾರೂ ಅದಕ್ಕೆ ಅಂಟಿಕೊಂಡಿರಬೇಕಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. 1832ರಲ್ಲಿ ಸೆನೆಟರ್ ವಿಲಿಯಂ ಮಾರ್ಸಿ, ಗೆದ್ದವನಿಗೆ ಕೊಳ್ಳೆ ಸೇರಿದ್ದು ಎಂದು ಸಮರ್ಥಿಸಿದರು. ಹಳೆಯ ಸಂಕೋಚ ಹೋಯಿತು. ಉಮೇದುವಾರರು ಈಗ ಪಕ್ಷಕ್ಕೆ ಮಾಡಿದ ಕೆಲಸವನ್ನು ಎಣಿಸಿ ಹೇಳುತ್ತಿದ್ದರು.

1881ರಲ್ಲಿ ಚಾರ್ಲ್ಸ್ ಗಿಟೊ ಎಂಬಾತ ತನ್ನ ಚುನಾವಣಾ ಭಾಷಣದಿಂದಲೇ ಜೇಮ್ಸ್ ಗಾರ್‌ಫೀಲ್ಡ್ ಅಧ್ಯಕ್ಷರಾದದ್ದು ಎಂದು ನಂಬಿ, ಪ್ಯಾರಿಸ್ಸಿನ ಕಾನ್ಸಲ್ ಹುದ್ದೆಗಾಗಿ ಕಾಗದದ ಮೇಲೆ ಕಾಗದ ಬರೆದ, ಕಚೇರಿಗಳಿಗೆ ಎಡತಾಕಿದ. ಸಿಗಲಿಲ್ಲ. ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷರಿಗೆ ಗುಂಡು ಹಾರಿಸಿದ; ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಸುಧಾರಣೆಯ ಕೂಗು ಮೊದಲಿನಿಂದಲೂ ಇತ್ತು, ಈ ಹತ್ಯೆ ಅದಕ್ಕೆ ಬಲ ಕೊಟ್ಟಿತು. 1883ರ ಜನವರಿ 16ರಂದು ಪೆಂಡಲ್ಟನ್ ಕಾಯ್ದೆ ಬಂತು, ಸ್ಪರ್ಧಾತ್ಮಕ ಪರೀಕ್ಷೆ ಬಂತು. ಶುರುವಿನಲ್ಲಿ ಅದರ ವ್ಯಾಪ್ತಿಗೆ ಬಂದದ್ದು ಹತ್ತರಲ್ಲಿ ಒಂದು ಪಾಲು ಹುದ್ದೆಯಷ್ಟೇ, ಆಮೇಲಾಮೇಲೆ ಹಿಗ್ಗಿತು.

ಇಲ್ಲಿ ಭಾರತಕ್ಕೂ ಒಂದು ಎಳೆಯಿದೆ. ಕಾಯ್ದೆಯ ಕರಡು ಬರೆದ ಡಾರ್ಮನ್ ಈಟನ್ ಅದಕ್ಕೆ ಮೊದಲು ಬ್ರಿಟನ್ನಿನ ಆಡಳಿತ ಸುಧಾರಣೆಯನ್ನು ಅಧ್ಯಯನ ಮಾಡಿ ಬಂದಿದ್ದರು. ಬ್ರಿಟಿಷರು ಮುಕ್ತ ಸ್ಪರ್ಧೆಯನ್ನು ಮೊದಲು ಜಾರಿಗೆ ತಂದದ್ದು ಭಾರತದ ಸಿವಿಲ್ ಸರ್ವಿಸಿಗೆ: ಅದಕ್ಕೂ ಮುಂಚೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮಗೆ ಬೇಕಾದ ಹುಡುಗರನ್ನು ಹೆಸರಿಸಿ ಕಳಿಸುತ್ತಿದ್ದರು, 1853ರ ಕಾಯ್ದೆ ಅದನ್ನು ನಿಲ್ಲಿಸಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ 1890ರ ದಶಕದ ಆರಂಭದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ತಂದರು. 1950ರಲ್ಲಿ ಭಾರತ ಗಣರಾಜ್ಯವಾದಾಗ ಕೇಂದ್ರದಲ್ಲಿ ಲೋಕಸೇವಾ ಆಯೋಗ ಆಗಲೇ ಇತ್ತು, 1926ರಿಂದ. ನಮ್ಮ ಹೊಸ ಗಣರಾಜ್ಯದಲ್ಲಿ ವಶೀಲಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ರಾಷ್ಟ್ರಪತಿಗೆ ಕಾಗದ ಬರೆಯುವುದು ಇಲ್ಲಿ ನೌಕರಿಯ ಹೆಬ್ಬಾಗಿಲು ಆಗಲಿಲ್ಲ.

ಪೆಂಡಲ್ಟನ್ ಕಾಯ್ದೆಯ ಹತ್ತನೇ ಕಲಮು ಶಿಫಾರಸು ಪತ್ರದ ಬಗ್ಗೆ. ಪರೀಕ್ಷೆಯ ವ್ಯಾಪ್ತಿಯ ಹುದ್ದೆಗೆ ಅರ್ಜಿ ಹಾಕಿದವನ ಪರವಾಗಿ ಸೆನೆಟರಾಗಲಿ ಕಾಂಗ್ರೆಸ್ಸಿನ ಕೆಳಮನೆಯ ಸದಸ್ಯರಾಗಲಿ ಬರೆದ ಶಿಫಾರಸನ್ನು ಯಾವ ಅಧಿಕಾರಿಯೂ ಸ್ವೀಕರಿಸಬಾರದು, ಪರಿಗಣಿಸಲೂಬಾರದು. ವಿನಾಯಿತಿ ಎರಡೇ ವಿಷಯಕ್ಕೆ: ಅರ್ಜಿದಾರನ ನಡತೆ ಹೇಗಿದೆ, ಅವನು ಎಲ್ಲಿಯ ನಿವಾಸಿ.